ಡಬ್ಬಿಯ ಕಿವಿಯಲ್ಲಿದ್ದ ಕಚ್ಚು

ನಕಲಿ ಸರಕು ತಡೆ ಮಂಡಳಿಯ ಪರೀಕ್ಷಕಿಯ ಮೇಜಿನ ಮೇಲೆ ಸ್ಕೂಟರಿನ ಬ್ರೇಕ್ ಪ್ಯಾಡಿನ ಎರಡು ರಟ್ಟಿನ ಡಬ್ಬಿಗಳಿದ್ದವು. ಒಂದು ಅಸಲಿ. ಇನ್ನೊಂದನ್ನು ಮೆಕ್ಯಾನಿಕ್ ಒಬ್ಬ ದೂರಿನ ಜೊತೆ ತಂದುಕೊಟ್ಟಿದ್ದ. ಅಂಥದೇ ಪ್ಯಾಡು ಹಾಕಿಸಿಕೊಂಡಿದ್ದ ಶಾಲೆಯ ಟೀಚರೊಬ್ಬರು ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಗೋಡೆಗೆ ಗುದ್ದಿ ಕಾಲು ಮುರಿದುಕೊಂಡಿದ್ದರು. ಉಗುರಿನಿಂದ ಕೆರೆದರೆ ಪ್ಯಾಡು ಒಣಮಣ್ಣಿನಂತೆ ಉದುರುತ್ತಿತ್ತು. ಡಬ್ಬಿ ಮಾತ್ರ ಅಸಲಿಗಿಂತ ಚೆಂದ.

ನಕಲಿ ಡಬ್ಬಿಯ ಮುಚ್ಚಳ ಬಿಚ್ಚಿದಾಗ ಪರೀಕ್ಷಕಿಯ ಕೈ ನಿಂತಿತು. ಒಳಮಡಿಕೆಯ ಕಿವಿಯಲ್ಲಿ ಅರ್ಧಚಂದ್ರದಂಥ ಸಣ್ಣ ಕಚ್ಚು. ಅಸಲಿ ಡಬ್ಬಿಯಲ್ಲಿ ಅದಿರಲಿಲ್ಲ. ರಟ್ಟು ಸೀಳದಿರಲೆಂದು ಹಾಗೆ ಕತ್ತರಿಸುವವರು ಊರಲ್ಲಿ ಒಬ್ಬರೇ: ಅಪ್ಪ ಹೋದ ಮೇಲೆ ಅವಳನ್ನು ಸಾಕಿ ಓದಿಸಿದ ಸೋದರಮಾವ. ರಜೆಯಲ್ಲಿ ಅವರ ಪ್ರೆಸ್ಸಿನಲ್ಲಿ ಕೂತು ಅಂಥ ಡಬ್ಬಿಗಳನ್ನು ಅವಳೇ ಸಾವಿರಗಟ್ಟಲೆ ಮಡಚಿದ್ದಳು.

ಅಂದೇ ಅಧ್ಯಕ್ಷೆಯ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು.

"ಪ್ಯಾಡಿನ ವರದಿ ಮಾತ್ರ ಕೊಟ್ಟರೂ ನಡೆಯುತ್ತೆ," ಎಂದರು ಅಧ್ಯಕ್ಷೆ, ಮೆಲ್ಲಗೆ. "ಡಬ್ಬಿ ಬಗ್ಗೆ ಯಾರೂ ಕೇಳಲ್ಲ."

"ಅಷ್ಟೇ ಕೊಟ್ರೆ ಅಂಗಡಿಯವನು ಸಿಗ್ತಾನೆ ಮೇಡಂ, ನಕಲಿ ಪ್ಯಾಡು ತುಂಬೋನು ಸಿಗಲ್ಲ. ಡಬ್ಬಿ ಜಾಡು ಹಿಡಿದ್ರೇನೇ ಅವನ ಗೋದಾಮು ಸಿಗೋದು. ಡಬ್ಬಿ ಮಾಡಿದವರು ನನ್ನ ಮಾವ ಅಂತಲೂ ಬರೆದಿದ್ದೀನಿ. ಫೈಲು ಬೇರೆಯವರಿಗೆ ಕೊಡಿ."

ಫೈಲು ಸಹೋದ್ಯೋಗಿಯ ಕೈಗೆ ಹೋಯಿತು. ಪ್ರೆಸ್ಸಿಗೆ ನೋಟಿಸ್ ತಲುಪಿದ ಮರುದಿನ ಅವಳು ಅಲ್ಲಿಗೇ ಹೋಗಿ, ಕಚ್ಚಿನ ಗುರುತು ಹಿಡಿದು ಬರೆದವಳು ತಾನೇ ಎಂದು ಮಾವನಿಗೆ ಹೇಳಿದಳು.

"ನಾನು ಅಚ್ಚು ಹಾಕೋನು," ಎಂದರು ಮಾವ, ಮಸಿಯ ಕೈ ಒರೆಸಿಕೊಳ್ಳುತ್ತಾ. "ಒಳಗೆ ಏನು ತುಂಬ್ತಾರೆ ಅಂತ ನನಗೇನು ಗೊತ್ತು?"

"ಡಬ್ಬಿ ಮೇಲಿನ ಗುರುತು ಯಾವ ಕಂಪನಿಯದು ಅಂತ ಗೊತ್ತಿತ್ತಲ್ಲ ಮಾವ. ಅವರ ಅನುಮತಿ ಪತ್ರ ಕೇಳಿದ್ರಾ?"

ಅವರು ಯಂತ್ರ ನಿಲ್ಲಿಸಿದರು. "ಕೇಳಲಿಲ್ಲ. ಕೇಳಿದ್ರೆ ಕೆಲಸ ಪಕ್ಕದ ಬೀದಿಗೆ ಹೋಗ್ತಿತ್ತು."

ಬಾಗಿಲಲ್ಲಿ ನಿಂತಿದ್ದ ಅತ್ತೆ, "ಉಂಡ ಮನೆಗೇ ಎರಡು ಬಗೆದೆಯಲ್ಲೇ," ಎಂದರು.

ಅವಳು ಕೂತಲ್ಲಿಂದ ಏಳಲಿಲ್ಲ. "ಆ ಪ್ಯಾಡು ನಂಬಿ ಬಿದ್ದ ಟೀಚರ ಕಾಲಿಗೆ ರಾಡ್ ಹಾಕಿದ್ದಾರೆ ಅತ್ತೆ. ಮಾವ, ವಿಚಾರಣೆಗೆ ನೀವಾಗೇ ಬನ್ನಿ. ಗೋದಾಮು ಎಲ್ಲಿದೆ ಅಂತ ಹೇಳೋದಕ್ಕೆ ಆಗೋದು ನಿಮ್ಮೊಬ್ಬರಿಗೇ."

ಮಾವ ಮತ್ತೆ ಯಂತ್ರ ಶುರು ಮಾಡಿದರು.

ವಿಚಾರಣೆಯ ದಿನ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಚ್ಚಿನ ಪ್ಲೇಟುಗಳನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ಬಂದರು. ಅವಳು ಹಿಂದಿನ ಸಾಲಿನಲ್ಲಿದ್ದಳು. ಡಬ್ಬಿಗಳನ್ನು ಒಯ್ದ ವ್ಯಾನಿನ ನಂಬರು, ಅವನ್ನು ಇಳಿಸಿದ ಗೋದಾಮಿನ ವಿಳಾಸ, ಎಲ್ಲವನ್ನೂ ತಡವರಿಸದೆ ಹೇಳಿದರು. "ಕೇಳಬೇಕಿತ್ತು, ಕೇಳಲಿಲ್ಲ. ಅದು ನನ್ನ ತಪ್ಪು," ಎಂದು ಕೊನೆಗೆ ಸೇರಿಸಿದರು. ಆ ಸಂಜೆಯೇ ಗೋದಾಮಿಗೆ ಬೀಗ ಬಿತ್ತು. ತುಂಬಿ ಮಾರುತ್ತಿದ್ದವನು ಸಿಕ್ಕಿಬಿದ್ದ. ಪ್ರೆಸ್ಸಿನ ಪರವಾನಗಿ ಆರು ತಿಂಗಳು ಅಮಾನತಾಯಿತು.

ಅತ್ತೆ ಅವಳೊಡನೆ ಮಾತು ಬಿಟ್ಟರು. ಅವಳು ಮಾತ್ರ ಪ್ರತಿ ಭಾನುವಾರ ಅವರ ಮನೆಗೆ ಹೋಗಿ, ಹೊರಜಗಲಿಯಲ್ಲಿ ಮಾವನ ಪಕ್ಕ ಗಂಟೆ ಹೊತ್ತು ಕೂತು ಬರುತ್ತಿದ್ದಳು. ಐದನೇ ಭಾನುವಾರ ಬಾಗಿಲು ಅರ್ಧ ತೆರೆಯಿತು.

"ಚಪ್ಪಲಿ ಒಳಗೆ ಬಿಡು," ಎಂದರು ಅತ್ತೆ, ಅವಳ ಮುಖ ನೋಡದೆ. "ಮಳೆ ಬರೋ ಹಾಗಿದೆ."