ಒಂದೊಂದೇ ಹೆಚ್ಚು

ರಾಯಚೂರು ಜಿಲ್ಲೆಯ ಜಾಲಹಳ್ಳಿಯಲ್ಲಿ ಬಸ್ಸಿಳಿದು, ಆಟೋ ಹತ್ತಿ, ಹತ್ತಾರು ಮನೆಗಳ ದೊಡ್ಡಿಯ ಸರ್ಕಾರಿ ಶಾಲೆ ಮುಟ್ಟುವಷ್ಟರಲ್ಲಿ ಅಂಬರೇಶನ ಬಿಳಿ ಅಂಗಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಶಿಕ್ಷಕರ ಕೆಲಸಕ್ಕೆ ಅಂಕ ಹಾಕಿ, ಅಂಕ ನೋಡಿ ಸಂಬಳ ಏರಿಸುವ ಹೊಸ ಆದೇಶ ಬಂದಮೇಲೆ ರಾಯಚೂರಿನ ಕಚೇರಿಯವರು ಅವನನ್ನು ಮೌಲ್ಯಮಾಪಕನನ್ನಾಗಿ ಮಾಡಿದ್ದರು. ಊರೂರು ತಿರುಗಿ ದರ್ಜೆ ಕೊಡುವ ತನ್ನನ್ನು ಅವನೇ ‘ದರ್ಜಿ’ ಎಂದು ಕರೆದುಕೊಳ್ಳುತ್ತಿದ್ದ. ಮೇಲಧಿಕಾರಿಗಳ ಕೆಮ್ಮು, ಫೋನಿನಲ್ಲಿ ‘ಯೆಸ್ ಸರ್’ ಅನ್ನುವಾಗ ಅವರ ಬೆನ್ನು ಬಾಗುವ ಬಗೆ, ಎಲ್ಲವನ್ನೂ ಚಹಾದಂಗಡಿಯಲ್ಲಿ ಅಣಕಿಸಿ ತೋರಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಶಾಲೆಗೆ ಇದ್ದದ್ದು ಯಶೋದಾ ಟೀಚರ್ ಒಬ್ಬರೇ, ಹನ್ನೆರಡು ವರ್ಷದಿಂದ. ಇಪ್ಪತ್ತೆರಡು ಮಕ್ಕಳು ಸಾಲಾಗಿ ಕುಳಿತಿದ್ದರು. ಹೊರಗೆ ಕಟ್ಟೆಯ ಮೇಲೆ ದೊಡ್ಡಿಯ ಹೆಂಗಸರು. ಅವರ ಮುಂದೆ ಕಂಬಳಿ ಹೊದ್ದ ಮುದುಕಿ, ದೊಡ್ಡಿಯ ಹಿರಿಯಳು ಕರೆಮ್ಮ.

“ಏಳೆಂಟ್ಲೆ ಎಷ್ಟಪಾ?” ಎಂದು ಕೇಳಿದ ಅಂಬರೇಶ.

“ಐವತ್ತೇಳು,” ಅಂದ ಮೊದಲನೆಯವನು.

“ಆರೊಂಬತ್ಲೆ?”

“ಐವತ್ತೈದು.”

“ಹನ್ನೆರಡ್ ಹನ್ನೆರಡ್ಲೆ?”

“ನೂರಾ ನಲವತ್ತೈದು, ಸರ್.”

ಓದಿಸಿದರೆ ಇನ್ನೂ ಕಷ್ಟ. ಐದನೆಯ ಇಯತ್ತೆಯ ಭಾಗ್ಯಜ್ಯೋತಿ ‘ಕ, ಕಾ’ ಎಂದು ತಡವರಿಸಿ ಪುಸ್ತಕ ಮುಚ್ಚಿದಳು. ಯಶೋದಾ ಮಕ್ಕಳನ್ನು ಇವತ್ತೇ ಮೊದಲು ಕಂಡವರಂತೆ ನೋಡುತ್ತಿದ್ದರು. “ನಿನ್ನಿತನಾ ಎಲ್ಲಾ ಬರತಿತ್ತು ಸರ್,” ಎಂದರು ಮೆಲ್ಲಗೆ. ಸಿ ದರ್ಜೆ ಬಂದರೆ ವರ್ಷದ ಸಂಬಳದ ಬಡ್ತಿ ನಿಲ್ಲುತ್ತದೆ, ಹೆಸರು ನೋಟಿಸ್ ಬೋರ್ಡಿಗೆ ಹೋಗುತ್ತದೆ.

ಅಂಬರೇಶ ಪೆನ್ನು ಎತ್ತಿ ‘ಸಿ’ ಬರೆಯಬೇಕು, ಅಷ್ಟರಲ್ಲಿ ತಾನು ಬರೆದುಕೊಂಡ ಉತ್ತರಗಳ ಮೇಲೆ ಕಣ್ಣು ನಿಂತಿತು. ಎಲ್ಲವೂ ತಪ್ಪು. ಎಲ್ಲವೂ ಒಂದೊಂದೇ ಹೆಚ್ಚು. ಕೊನೆಯ ಸಾಲಿನ ಪುಟ್ಟಿಯದ್ದೂ ಹಾಗೆಯೇ. ಸರಿಯುತ್ತರ ಗೊತ್ತಿಲ್ಲದವರು ಇಷ್ಟು ಕರಾರುವಾಕ್ಕಾಗಿ ತಪ್ಪುವುದು ಹೇಗೆ? ಅಣಕಿಸುವಾಗ ತನಗೇ ನಗು ತಡೆಯುವುದಿಲ್ಲ. ಇಲ್ಲಿ ಇಪ್ಪತ್ತೆರಡು ಜನರಲ್ಲಿ ಒಬ್ಬರ ತುಟಿಯೂ ಅಲುಗಿರಲಿಲ್ಲ; ಕಣ್ಣುಗಳು ಮಾತ್ರ ಬಾಗಿಲಾಚೆ ಕರೆಮ್ಮನ ಕಡೆ ಓಡುತ್ತಿದ್ದವು.

ಎದ್ದು ಕಟ್ಟೆಗೆ ಹೋದ. “ಯವ್ವಾ, ಇದನ್ನ ಯಾರು ಕಲಿಸಿದ್ರು?”

“ನಾನೇ,” ಅಂದಳು ಕರೆಮ್ಮ. “ಒಂದು ಕೂಡಿಸಿ ಹೇಳ್ರಿ ಅಂದೆ. ಬಾಯಿಗೆ ಬಂದದ್ದು ಹೇಳಾಕ ಬಿಟ್ರ, ತಪ್ಪಿ ಖರೇನ ಹೇಳಿಬಿಡ್ತಾವು.”

“ಯಾಕ?”

“ಮಾನ್ವಿ ಕಡೆ ನಮ್ಮ ಬೀಗರ ಊರಾಗ ಮಾಸ್ತರು ಛಲೋ ಅದಾರ ಅಂತ ನಿಮ್ಮಂಥವ್ರೇ ಬರಕೊಂಡು ಹೋದ್ರು. ಆಮ್ಯಾಲ ಅವರನ್ನ ರಾಯಚೂರಿಗೆ ಎತ್ತಿಕೊಂಡು ಹೋದ್ರು. ಎರಡು ವರ್ಸ ಆತು, ಸಾಲಿಗೆ ಬೀಗ.”

ಬೀಗರ ಊರಿಗೆ ಬೀಗ. ಬೇರೆ ದಿನವಾಗಿದ್ದರೆ ಅಂಬರೇಶ ಈ ಮಾತನ್ನು ಚಹಾದಂಗಡಿಗೆ ಕಟ್ಟಿಕೊಂಡು ಹೋಗುತ್ತಿದ್ದ.

ಯಶೋದಾ ಬಾಗಿಲಿಗೆ ಬಂದಿದ್ದರು. “ನನ್ನ ಬಡ್ತಿ ಹೋಗ್ತದ, ಕರೆಮ್ಮಾ.”

“ಎಷ್ಟು ಕಮ್ಮಿ ಬೀಳ್ತದ ಹೇಳು. ಮನಿಗೊಂದು ಸೇರು ಜ್ವಾಳ ಕೂಡಿಸ್ತೀವಿ. ನೀ ಹೋಗಬ್ಯಾಡ.”

ಯಶೋದಾ ಹೊಸ್ತಿಲ ಮೇಲೆ ಕುಳಿತರು.

“ದರ್ಜೆಗೂ ವರ್ಗಾವಣಿಗೂ ಸಂಬಂಧ ಇಲ್ಲ ಯವ್ವಾ,” ಅಂದ ಅಂಬರೇಶ. “ಆದೇಶದಾಗೇ ಬರದಾರ. ಓದ್ತೀನಿ, ಕೇಳು.”

“ನೀ ಓದಿದ್ರ ನಿನಗ ಬೇಕಾದಂಗ ಓದ್ತಿ. ನಮ್ಮ ಹುಡುಗಿ ಓದ್ಲಿ. ಭಾಗ್ಯಾ, ಬಾ ಬೇ ಇಲ್ಲಿ.”

ಭಾಗ್ಯಜ್ಯೋತಿ ಆದೇಶದ ಹಾಳೆ ಹಿಡಿದು ನಿಂತಳು. ಕಟ್ಟೆಯ ಹೆಂಗಸರ ಎದುರು ನಾಟಕ ಮರೆತೇ ಹೋಯಿತೇನೋ. “ಸದರಿ ಕಾರ್ಯಕ್ಷಮತಾಧಾರಿತ ವೇತನಬಡ್ತಿಯು ಶಿಕ್ಷಕರ ವರ್ಗಾವಣೆಗೆ ಯಾವುದೇ ರೀತಿಯಲ್ಲಿ ಅನ್ವಯಿಸತಕ್ಕದ್ದಲ್ಲ,” ಎಂದು ಒಂದೇ ಓಟದಲ್ಲಿ ಓದಿದಳು. ರಾಯಚೂರಿನ ತರಬೇತಿಯಲ್ಲಿ ಇದೇ ಸಾಲಿಗೆ ಅಂಬರೇಶ ಮೂರು ಸಲ ಮುಗ್ಗರಿಸಿದ್ದ. ಅವನು ಕಟ್ಟೆಯ ಮೇಲೆ ಕುಳಿತುಬಿಟ್ಟ. ನಿಂತು ಕೇಳುವಂಥ ಓದಾಗಿರಲಿಲ್ಲ ಅದು.

“ಹಂಗಂದ್ರೇನ?” ಅಂದಳು ಕರೆಮ್ಮ.

“ಇದರ ಸಲುವಾಗಿ ಟೀಚರ್‌ನ ಯಾರೂ ಒಯ್ಯಂಗಿಲ್ಲ ಅಂತ, ಅಜ್ಜಿ.”

ಕರೆಮ್ಮ ಹಾಳೆಯನ್ನು ಈಸಿಕೊಂಡು ನಾಲ್ಕು ಮಡಿಕೆ ಮಾಡಿ ಕಂಬಳಿಯೊಳಗೆ ಇಟ್ಟುಕೊಂಡಳು. ಅದು ಕಚೇರಿಯ ಪ್ರತಿ ಎಂದು ಹೇಳುವ ಧೈರ್ಯ ಅಂಬರೇಶನಿಗೆ ಬರಲಿಲ್ಲ. ಬ್ಯಾಗಿನಿಂದ ಹೊಸ ನಮೂನೆ ತೆಗೆದು ತೊಡೆಯ ಮೇಲೆ ಹರವಿಕೊಂಡ.

“ಏಳೆಂಟ್ಲೆ?” ಅಂದ. ತನ್ನ ದನಿ ಯಾಕೋ ಪರೀಕ್ಷೆಗೆ ಕುಳಿತವನ ದನಿಯಂತಿತ್ತು.

ಭಾಗ್ಯಜ್ಯೋತಿ ಟೀಚರ್ ಕಡೆ ನೋಡಲಿಲ್ಲ, ಅಜ್ಜಿಯ ಕಡೆ ನೋಡಿದಳು. ಕರೆಮ್ಮ ತಲೆಯಾಡಿಸಿದಳು.

ಅವಳು ಬಾಯಿ ತೆರೆಯುವುದಕ್ಕೂ ಮೊದಲೇ ಒಳಗಿನಿಂದ ಇಡೀ ಶಾಲೆ ಹೇಳಿತು: “ಐವತ್ತಾರು.”