ಕಡವೆಗೆ ಒಂಟಿ ಗುಂಡು

ಅಡುಗೆಮನೆ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ನನ್ನ ಮಗ ಕೆಂಪರಾಜು ಅಟ್ಟದಿಂದ ಹಳೇ ಬಿಸ್ಕತ್ತಿನ ಡಬ್ಬ ಇಳಿಸಿಕೊಂಡು ಬಂದು ನನ್ನ ಮುಂದೆ ಇಟ್ಟ. ಮಾರನೇ ದಿನ ಮಹಾಲಯ ಅಮಾವಾಸ್ಯೆ. ಅವನ ಅಪ್ಪ ಚಿಕ್ಕಬೈರಪ್ಪನವರು ಹೋದಮೇಲೆ ಬಂದ ಮೊದಲನೇ ಪಿತೃಪಕ್ಷ. ಸತ್ತವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಎಲೆ ಮೇಲೆ ಬಡಿಸಿ ಎಡೆ ಇಡಬೇಕು. ಮುದ್ದೆಗೆ ಹಿಟ್ಟು, ಸಾರಿಗೆ ಬಾಡು, ಬೀಡಿಕಟ್ಟು, ಬ್ರಾಂದಿ ಎಲ್ಲವನ್ನೂ ಹೊಂದಿಸಿದ್ದೆವು. ಈ ಡಬ್ಬ ಮಾತ್ರ ಲೆಕ್ಕದಲ್ಲಿರಲಿಲ್ಲ.

"ಅಮ್ಮ, ಒಂದು ಗುಂಡು ಆರಿಸಿಕೊಡು. ಕಡವೆಗೆ" ಅಂದ.

ಕೈಯಲ್ಲಿದ್ದ ಬೆಳ್ಳುಳ್ಳಿ ಅವನ ಮುಖಕ್ಕೇ ಎಸೆಯಬೇಕು ಅನ್ನಿಸಿತು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಮ್ಮೂರು ಗೊಟ್ಟಿಗೆರೆಯೆಂದರೆ ರಾಗಿ ಹೊಲ. ಬನ್ನೇರುಘಟ್ಟದ ಕಾಡು ಹಿತ್ತಿಲಿಗೇ ಬಂದು ನಿಂತ ಹಾಗಿತ್ತು. ಆಗಿನ್ನೂ ಬೇಟೆ ನಿಲ್ಲಿಸುವ ಕಾನೂನು ಬಂದಿರಲಿಲ್ಲ. ಗಂಡಸರು ನಾಡಕೋವಿ ಹಿಡಿದು ಹೋಗುತ್ತಿದ್ದರು, ಆದರೆ ಗುಂಡಿನ ಡಬ್ಬ ಇರುತ್ತಿದ್ದದ್ದು ಹೆಂಗಸರ ಕೈಯಲ್ಲಿ. ಇದು ನಮ್ಮ ಮನೆಯ ಪದ್ಧತಿ. ಗಂಡಸು ಬಂದು ಹೊಸಿಲಾಚೆ ನಿಂತು ಕೈಯೊಡ್ಡಬೇಕು. ಒಳಗಿನಿಂದ ನಮ್ಮತ್ತೆ ಕೇಳುತ್ತಿದ್ದರು: "ಯಾವ ಪ್ರಾಣಿಗೆ? ತಿನ್ನೋ ಬಾಯಿ ಎಷ್ಟು?" ಎರಡಕ್ಕೂ ಸರಿಯಾದ ಉತ್ತರ ಬಂದರೆ ಮಾತ್ರ ಗುಂಡು.

ಮೊಲಕ್ಕೆ ಚರೆ, ಸಾಸಿವೆಯಂಥ ಸೀಸದ ಕಾಳು. ಜಿಂಕೆಗೆ ಕಡಲೆಕಾಳಿನಷ್ಟು ದಪ್ಪದ ಚರೆ, ಅದೂ ಹತ್ತಿರ ಹೋಗಿ ಹೊಡೆಯುವುದಾದರೆ. ಕಡವೆಗೆ ಮಾತ್ರ ಒಂಟಿ ಗುಂಡು, ಗೋಲಿಯ ಗಾತ್ರದ ಸೀಸದ ಉಂಡೆ. ಕಡವೆ ಎಂದರೆ ಎಮ್ಮೆಯಂಥ ಮೈ. ಚರೆ ಬಿದ್ದರೆ ಚರ್ಮ ಹರಿಯುತ್ತದೆ, ಜೀವ ಹೋಗುವುದಿಲ್ಲ. ಒಂದು ಸಲ ದುಂಡಪ್ಪ ಅನ್ನುವ ನೆಂಟ ಯಾರನ್ನೂ ಕೇಳದೆ ಚರೆ ತುಂಬಿಕೊಂಡು ಹೋಗಿ ಕಡವೆಗೆ ಹೊಡೆದ. ಅದು ಕೆರೆಯಂಚಿನ ಪೊದೆಯಲ್ಲಿ ಬಿದ್ದುಕೊಂಡು ಸಾಯಲಾರದೆ ದಿನಗಟ್ಟಲೆ ಕೂಗಿತು. ನಮ್ಮತ್ತೆ ಆಮೇಲೆ ಅವನಿಗೆ ಈ ಮನೆಯಲ್ಲಿ ಒಂದು ಲೋಟ ನೀರೂ ಕೊಡಲಿಲ್ಲ. ಅವರು ಕಣ್ಣು ಮುಚ್ಚುವ ಮುಂಚೆ ಡಬ್ಬ ನನ್ನ ಕೈಗೆ ಬಂತು.

ಈಗ ಹೊಲವೂ ಇಲ್ಲ, ಕೋವಿಯೂ ಇಲ್ಲ. ಹೊಲದ ಮೇಲೆ ಮೂರಂತಸ್ತಿನ ಪಿಜಿ ಎದ್ದಿದೆ. ಯಜಮಾನರು ಹೋದಮೇಲೆ ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಿದೆವು. ಅಟ್ಟದ ಮೇಲಿದ್ದ ಈ ಡಬ್ಬ ಯಾರಿಗೂ ನೆನಪಿರಲಿಲ್ಲ.

"ಅರವತ್ತಕ್ಕೆ ಅರಳು ಮರಳು ಅಂತಾರೆ, ನಿನಗೆ ಐವತ್ತೈದಕ್ಕೇ ಬಂತೇನೋ?" ಅಂದೆ. "ಫಾರೆಸ್ಟ್‌ನೋರು ಹಿಡಿದ್ರೆ ಒದ್ದು ಒಳಗೆ ಹಾಕ್ತಾರೆ. ಬಾಡಿಗೆ ವಸೂಲಿ ಮಾಡ್ಕೊಂಡು ತೆಪ್ಪಗಿರೋಕೆ ಏನು ಧಾಡಿ ನಿನಗೆ?"

"ಕಾಡಂಚಿನ ಮಾರಯ್ಯನ ಹತ್ರ ಕೋವಿ ಇದೆ. ಸಂಜೆ ಹೋಗಿ ಬೆಳಗಾಗೋದ್ರೊಳಗೆ ಬರ್ತೀವಿ."

"ಯಾಕೋ? ಕುರಿ ಬಾಡು ಸಾಲಲ್ವಾ?"

ಅವನು ತಲೆ ತಗ್ಗಿಸಿದ. "ಆಸ್ಪತ್ರೇಲಿ ಅಪ್ಪ ಕೇಳಿದ್ರು ಕಣಮ್ಮ. ಒಂದ್ಸಲ ಕಡವೆ ಬಾಡು ತಿನ್ನಬೇಕು ಅಂದ್ರು. ತರ್ತೀನಿ ಅಪ್ಪ ಅಂತ ಕೈ ಹಿಡ್ಕೊಂಡು ಹೇಳ್ದೆ. ಮಾರನೇ ದಿನವೇ ಹೋಗ್ಬಿಟ್ರು. ನಾಳೆ ಎಡೆ ಹತ್ರ ಬಂದು ಎಲೆ ನೋಡ್ತಾರಲ್ಲ, ಏನಂದ್ಕೋತಾರೆ?"

ಇದು ನನಗೆ ಗೊತ್ತೇ ಇರಲಿಲ್ಲ. ವರ್ಷವಿಡೀ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದಾನೆ.

"ನಾನು ಕೊಡಲ್ಲ ಅಂದ್ರೆ?"

"ಮಾರಯ್ಯನ ಹತ್ರ ಚರೆ ಇದೆಯಂತೆ. ಅದರಲ್ಲೇ ಹೊಡಿತೀನಿ."

ಅವನು ಹೆದರಿಸಲು ಹೇಳಿದ್ದಲ್ಲ. ಹೋಗುವವನೇ. ಕೊಟ್ಟರೆ ಒಂದು ಜೀವ ನನ್ನ ಕೈಯಿಂದ ಹೋಗುತ್ತದೆ, ಮಗ ಜೈಲು ಪಾಲಾಗುತ್ತಾನೆ. ಕೊಡದಿದ್ದರೆ ಅದೇ ಜೀವ ಪೊದೆಯಲ್ಲಿ ಬಿದ್ದು ಕೂಗುತ್ತದೆ.

"ಸರಿ, ಎದ್ದು ಹೊಸಿಲಾಚೆ ನಿಂತ್ಕೋ" ಅಂದೆ. ನಿಂತ. ಡಬ್ಬ ತೆಗೆದು ಒಂಟಿ ಗುಂಡು ಆರಿಸಿ ಮುಷ್ಟಿಯಲ್ಲಿ ಹಿಡಿದೆ. "ಯಾವ ಪ್ರಾಣಿಗೆ?"

"ಕಡವೆಗೆ."

"ತಿನ್ನೋ ಬಾಯಿ ಎಷ್ಟು?"

"ಒಂದು. ಅಪ್ಪಂದು."

"ಸತ್ತೋರು ವಾಸನೆ ತಗೊಂಡು ಹೋಗ್ತಾರೆ ಕಣೋ, ತಿನ್ನೋದು ನಾವು. ಬದುಕಿರೋ ಬಾಯಿ ಹೇಳು."

ನಾನು ಒಳಗಿದ್ದ ಸೊಸೆ ಶ್ವೇತಳನ್ನು ಕೂಗಿದೆ. "ನೀನು ಕಡವೆ ಬಾಡು ತಿಂತೀಯೇನಮ್ಮ?"

"ಅಯ್ಯೋ ಅತ್ತೆ, ನನಗೆ ಬೇಡಪ್ಪ! ಕಂಬಿ ಎಣಿಸೋಕೆ ನಾನು ರೆಡಿ ಇಲ್ಲ."

ಮೊಮ್ಮಗ ಲಿಖಿತ್ ಮೊಬೈಲಿಂದ ತಲೆಯೆತ್ತಿ "ಪಾಪ ಅಲ್ವಾ ಅಜ್ಜಿ, ನಾನಂತೂ ಮುಟ್ಟಲ್ಲ" ಅಂದ.

"ನನಗೆ ಹಲ್ಲಿಲ್ಲ. ಇನ್ನು ಉಳಿದೋನು ನೀನು. ನೀನು ತಿಂತೀಯೇನೋ ಕೆಂಪ?"

"ಹೆಂಗಮ್ಮ ತಿನ್ನಲಿ? ಬಾಯಿಗಿಟ್ರೆ ಅಪ್ಪನ ಆ ಮುಖವೇ ಕಣ್ಮುಂದೆ ಬರುತ್ತೆ. ನನಗೆ ಬಾಡು ಬೇಕಿಲ್ಲ ಕಣಮ್ಮ. ತರ್ತೀನಿ ಅಂದಿದ್ದೆ, ಅಷ್ಟೇ."

"ತಿನ್ನೋ ಬಾಯಿ ಒಂದೂ ಇಲ್ಲ ಅಂದ್ಮೇಲೆ ಈ ಮನೇಲಿ ಗುಂಡೂ ಇಲ್ಲ. ಚರೆಗೂ ಇದೇ ಮಾತು. ನಿಮ್ಮಜ್ಜಿ ಇದ್ದಿದ್ರೂ ಇದನ್ನೇ ಹೇಳೋರು, ನಿಮ್ಮಪ್ಪ ಬಾಯಿ ಮುಚ್ಕೊಂಡು ವಾಪಸ್ ಹೋಗೋರು."

ಅವನು ಒಡ್ಡಿದ್ದ ಕೈಯನ್ನು ನಿಧಾನವಾಗಿ ಇಳಿಸಿದ. ಸ್ವಲ್ಪ ಹೊತ್ತಾದ ಮೇಲೆ ಮಾರಯ್ಯನಿಗೆ ಫೋನ್ ಮಾಡಿ ಬರುವುದಿಲ್ಲ ಎಂದ. ಅವತ್ತು ಅವನು ಊಟ ಮಾಡಲಿಲ್ಲ.

ಮಾರನೇ ದಿನ ಎಡೆ ಇಟ್ಟೆವು. ಫೋಟೋ ಮುಂದೆ ಎಲೆ, ಮುದ್ದೆ, ಸಾರು, ಬೀಡಿ, ಬ್ರಾಂದಿ. ಎಲೆಯ ತುದಿಯಲ್ಲಿ, ಉಪ್ಪಿನ ಪಕ್ಕ, ನಾನು ಆ ಸೀಸದ ಗುಂಡನ್ನು ಇಟ್ಟೆ. ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದೆವು. ಸತ್ತವರು ಬಂದು ಉಣ್ಣುವಷ್ಟು ಹೊತ್ತು ಯಾರೂ ಒಳಗೆ ಹೋಗುವ ಹಾಗಿಲ್ಲ.

ನಾನು ಬಾಗಿಲಿಗೆ ಬಾಯಿಟ್ಟು ಹೇಳಿದೆ. "ನೋಡಿ, ನಿಮ್ಮ ಮಗ ಹೊರಟಿದ್ದ. ಗುಂಡು ಕೊಡದೆ ತಡೆದೋಳು ನಾನು. ಸಿಟ್ಟಿದ್ರೆ ಅವನ ಮೇಲೆ ತೋರಿಸ್ಬೇಡಿ. ನಾನಿನ್ನೇನು ನಿಮ್ಮ ಹತ್ರಾನೇ ಬರ್ತೀನಲ್ಲ, ಆಗ ಎಷ್ಟು ಬೇಕೋ ಅಷ್ಟು ಬೈಯಿರಿ."

ಆಮೇಲೆ ಕೆಂಪರಾಜುವಿನ ರಟ್ಟೆ ಹಿಡಿದು ಮುಂದಕ್ಕೆಳೆದೆ. "ನೀನೂ ಹೇಳು. ನಿನ್ನ ಬಾಯಲ್ಲೇ ಹೇಳು."

ಆ ದಪ್ಪ ಮೀಸೆಯ ಗಂಡಸು ಬಾಗಿಲಿಗೆ ಹಣೆ ಒತ್ತಿ ನಿಂತ.

"ಅಪ್ಪ, ತರಕ್ಕಾಗ್ಲಿಲ್ಲ ಕಣಪ್ಪ" ಅಂದ. ಅಷ್ಟು ಹೇಳುವುದರೊಳಗೆ ಅವನ ಭುಜ ಕುಲುಕತೊಡಗಿತು. ಅಪ್ಪನ ಹೆಣದ ಮುಂದೆಯೂ ಅವನು ಅತ್ತಿರಲಿಲ್ಲ. ಬೆನ್ನು ಸವರಿದೆ. ನನ್ನ ಕಣ್ಣಿಗೂ ಸೆರಗು ಬಂತು.

ಹೊತ್ತಾದ ಮೇಲೆ, ಒಳಗಿರುವವರಿಗೆ ತಿಳಿಯಲೆಂದು ಕೆಮ್ಮಿ, ಬಾಗಿಲು ತಟ್ಟಿ ತೆಗೆದೆವು. ಅಪ್ಪನ ಎಲೆಯಲ್ಲಿ ಹಿರಿಮಗ ಉಣ್ಣಬೇಕು. ಅವನು ಕೂತು, ಗುಂಡನ್ನು ಪಕ್ಕಕ್ಕೆ ಸರಿಸಿ, ಮುದ್ದೆ ಮುರಿದ. ನಾನು ಸಾರು ಬಡಿಸಿದೆ.