ಹುಳುಮನೆಯ ನಾಲ್ಕನೆಯ ಕಿಟಕಿ

ಚೌಕಟ್ಟಿಗೆ ಹಾರೆ ಕೊಟ್ಟು ಮೀಟಿದ ಕೂಡಲೇ ಹಳೆಯ ಕಿಟಕಿಯ ಸಂದಿಯಿಂದ ಬಟ್ಟೆಯ ಸುರುಳಿಯೊಂದು ಬಡಗಿ ಇಮಾಮನ ಕಾಲ ಮೇಲೆ ಬಿತ್ತು. ಹಸಿರು ಸೀರೆಯ ಅಂಚು. ಉದ್ದಕ್ಕೆ ಹರಿದು, ಹಗ್ಗದಂತೆ ಹೊಸೆದು, ಸಂದಿಗೆ ಬಡಿದು, ಮೇಲೆ ಸಗಣಿ ಬಳಿದಿದ್ದರು. ಹಾಗೆ ಮಾಡಿ ಎಂದು ಹೇಳಿಕೊಟ್ಟವನು ಅವನೇ.

"ನಂದೇ ಸೀರೆ," ಎಂದಳು ಬಾಗಿಲಲ್ಲಿ ನಿಂತಿದ್ದ ಕುಳ್ಳಮ್ಮ. "ನಾನೇ ತುರುಕಿದ್ದು. ನಮ್ಮೋರು ದೀಪ ಹಿಡ್ಕಂಡಿದ್ರು. ಇಷ್ಟು ಮಾಡಿದ್ರೂವೆ ತಂಡಿ ನುಗ್ಗಿ ಅವರ್ನ ತಿಂದ್ಬುಡ್ತು."

ಇಮಾಮ್ ಬಗ್ಗಿ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಕ್ಯಾತನಹಳ್ಳಿಯ ಆ ರೇಷ್ಮೆ ಹುಳುಮನೆಗೆ ಅವನು ಕಳೆದ ವರ್ಷ, 1993ರ ಕಾರ್ತಿಕದಲ್ಲಿ, ಮೂರು ಹೊಸ ಕಿಟಕಿ ಕೂರಿಸಿದ್ದ. ಚಳಿಗಾಲದಲ್ಲಿ ಹುಳಕ್ಕೆ ಕಾವು ಬೇಕು. ಹಳೆಯ ಕಿಟಕಿಗಳಿಂದ ಕಾವೆಲ್ಲ ಸೋರಿ ವಾರಕ್ಕೆ ಎರಡು ಮೂಟೆ ಇದ್ದಿಲು ಉರಿಯುತ್ತಿತ್ತು. ಹೊಸವು ಬಂದ ಮೇಲೆ ಒಂದು ಸಾಕಾಯಿತು. ಕದ ಮುಚ್ಚಿ, ಸಂದಿಯ ಬಳಿ ಊದುಬತ್ತಿ ಹಿಡಿದು, ಹೊಗೆ ಅಲುಗದಿರುವುದನ್ನು ಅವನು ಕುಳ್ಳಮ್ಮನ ಗಂಡ ಚಲುವಯ್ಯನಿಗೆ ತೋರಿಸಿದ್ದ. ನಾಲ್ಕನೆಯದಕ್ಕೆ ಮರ ಸಾಲಲಿಲ್ಲ. ಮರ ಸಿಗುವವರೆಗೆ ಸಂದಿಗೆ ಬಟ್ಟೆ ತುರುಕಿ ಎಂದಿದ್ದ.

ಜನವರಿಯ ಒಂದು ರಾತ್ರಿ ಚಲುವಯ್ಯ ಕೆಂಡದ ಬಾಣಲೆಯ ಪಕ್ಕ ಹುಳುಮನೆಯಲ್ಲೇ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ತಟ್ಟೆಗಳಲ್ಲಿ ಹುಳಗಳು ಮಾತ್ರ ಸರಸರ ಸೊಪ್ಪು ತಿನ್ನುತ್ತಿದ್ದವು. ಹುಳಕ್ಕಿಂತ ಸೂಕ್ಷ್ಮ ಜೀವವಿಲ್ಲ, ಕೆಂಡದ ದೋಷವಾಗಿದ್ದರೆ ಮೊದಲು ಅವು ಸಾಯಬೇಕಿತ್ತು ಎಂದು ಊರು ತೀರ್ಮಾನಿಸಿತು. ಆ ಮಾತಿನ ಮರೆಯಲ್ಲಿ ಇಮಾಮ್ ಹನ್ನೊಂದು ತಿಂಗಳು ಉಳಿದಿದ್ದ. ಆದರೆ ಎಲ್ಲಾದರೂ ಊದುಬತ್ತಿಯ ಹೊಗೆ ನೆಟ್ಟಗೆ ಏಳುವುದನ್ನು ಕಂಡರೆ, ದರ್ಗಾದಲ್ಲಿಯೂ, ಅವನು ಎದ್ದು ಹೊರಗೆ ಬಂದುಬಿಡುತ್ತಿದ್ದ.

"ಮೂರು ಸಲ ಹೇಳಿ ಕಳಿಸ್ದೆ. ಮದುವೆ ಗಂಡಿಗೂ ಇಷ್ಟು ಸಲ ಹೇಳಿ ಕಳ್ಸಲ್ಲ ಕಣ್ ಸಾಬ್ರೆ," ಎಂದಳು ಕುಳ್ಳಮ್ಮ. "ನಾಳೆ ಹುಳದ ಮರಿ ತರ್ತೀನಿ. ಸಂಜೆ ಆದ್ರೆ ಇಲ್ಲಿ ಅವ್ರು ಕೆಮ್ಮಿದಂಗೆ ಆಯ್ತದೆ ಅಂತ ಕೂಲಿಯೋರು ಯಾರೂ ಬರಾಕಿಲ್ಲ ಅಂತಾವ್ರೆ. ನಾನೇ ಮಲಗ್ತೀನಿ."

"ಕೆಂಡ ಇಟ್ಕಂಡಾ?"

"ಇಡದೆ ಇನ್ನೇನು, ಹುಳಕ್ಕೆ ಕಂಬಳಿ ಹೊದಿಸ್ಲಾ? ಆ ಮೂರು ಕಿಟಕಿಯಂಗೇ ಬಿಗಿಯಾಗಿರ್ಲಿ. ಸೂಜಿ ಮೊನೆಯಷ್ಟೂ ಸಂದಿ ಬ್ಯಾಡ."

ಮಧ್ಯಾಹ್ನದ ಹೊತ್ತಿಗೆ ಹೊಸ ಚೌಕಟ್ಟು ಗೋಡೆಗೆ ಕೂತಿತು. ಕದ ಸದ್ದಿಲ್ಲದೆ ಮುಚ್ಚಿಕೊಂಡಿತು. ಕುಳ್ಳಮ್ಮ ಒಳಗಿನಿಂದ ಊದುಬತ್ತಿ ಹಚ್ಚಿ ತಂದಳು. "ನಮ್ಮೋರಿಗೆ ತೋರಿಸಿದ್ರಲ್ಲ, ಅಂಗೆ ನಂಗೂ ತೋರ್ಸಿ."

ಹೊಗೆ ನೂಲಿನಂತೆ ನೆಟ್ಟಗೆ ನಿಂತಿತು. ಅವಳು ನಕ್ಕಳು. ಗಂಡ ಸತ್ತ ಮೇಲೆ ಅವಳು ನಕ್ಕದ್ದನ್ನು ಇಮಾಮ್ ನೋಡಿರಲಿಲ್ಲ. ಅವನು ಊದುಬತ್ತಿಯನ್ನು ಅವಳ ಕೈಗೆ ಕೊಟ್ಟು, ಉಳಿ ತೆಗೆದುಕೊಂಡು ಕದದ ಮೇಲ್ಭಾಗಕ್ಕೆ ಇಟ್ಟು ಹೊಡೆದ. ಚಕ್ಕೆ ಹಾರಿತು.

"ಏನ್ ಸಾಬ್ರೆ, ತಲೆ ಕೆಟ್ಟದಾ?"

"ಚಲುವಯ್ಯನೋರ್ನ ತಂಡಿ ಕೊಲ್ಲಲಿಲ್ಲ ಅಕ್ಕಾ. ಕೆಂಡ."

"ಹುಳ ಬದುಕಿದ್ವಲ್ಲ."

"ಹುಳಕ್ಕೆ ಅದು ಅಷ್ಟು ತಟ್ಟಾಕಿಲ್ವಂತೆ. ಪಟ್ಟಣದಲ್ಲಿ ಡಾಕ್ಟ್ರನ್ನ ಕೇಳ್ದೆ. ಮುಚ್ಚಿದ ಕೋಣೇಲಿ ಕೆಂಡ ಇಟ್ರೆ ವಿಷ ಏಳ್ತದಂತೆ, ವಾಸನೆ ಇಲ್ಲ, ಬಣ್ಣ ಇಲ್ಲ. ಗಾಳಿಗೆ ದಾರಿ ಇರ್ಬೇಕಿತ್ತು. ನಾನು ಬುಡಲಿಲ್ಲ."

"ಯಾವಾಗ ಕೇಳಿದ್ರಿ?"

"ಶಿವರಾತ್ರಿ ಆದ್ಮೇಲೆ."

ಕುಳ್ಳಮ್ಮ ಹೊಸ ಕಿಟಕಿಯನ್ನೇ ನೋಡುತ್ತಿದ್ದಳು. "ಯುಗಾದಿ ಆಯ್ತು. ಗೌರಿ ಆಯ್ತು. ದೀಪಾವಳಿನೂ ಆಯ್ತು."

ಇಮಾಮ್ ಉಳಿಗೆ ಅಂಟಿದ ಮರದ ಪುಡಿಯನ್ನು ಬೆರಳಿನಿಂದ ಒರೆಸಿದ.

ಅವಳು ಕೇಳಿದಳು, "ಯಾವ ಕಿಟಕಿಯಿಂದ ಆಗಿದ್ದು?"

ಬಟ್ಟೆಯ ಸುರುಳಿ ಇಬ್ಬರ ನಡುವೆ ನೆಲದ ಮೇಲಿತ್ತು.

"ಆ ಮೂರರಿಂದ. ನಾನು ಮಾಡಿದ್ವು," ಎಂದ ಇಮಾಮ್. "ಈ ಹಳೇದ್ರಲ್ಲಿ ಬಟ್ಟೆ ಇದ್ರೂ ಒಂದೇ, ಇಲ್ದಿದ್ರೂ ಒಂದೇ."

ನಲವತ್ತು ವರ್ಷದ ಕಸುಬಿನಲ್ಲಿ ಸಂದಿಯೊಂದರ ಬಗ್ಗೆ ಅವನು ಹೇಳಿದ ಮೊದಲ ಸುಳ್ಳು ಅದು.

ಕುಳ್ಳಮ್ಮ ಬಟ್ಟೆಯನ್ನು ಎತ್ತಿಕೊಂಡು ಒಣಗಿದ ಸಗಣಿಯನ್ನು ಉಗುರಿನಿಂದ ಕೆರೆದಳು. ಇಮಾಮ್ ನಾಲ್ಕು ಬೆರಳಗಲದ ಕಂಡಿ ಕೊರೆದು, ಹುಳ ಕೊಲ್ಲುವ ಊಜಿ ನೊಣ ಬಾರದಂತೆ ತಂತಿ ಜಾಲರಿ ಹೊಡೆದ. ಉಳಿದ ಮೂರಕ್ಕೂ ಸಂಜೆಯೊಳಗೆ ಕೊರೆಯುವುದಾಗಿ ಹೇಳಿದ. "ಆದ್ರೂ ಕೆಂಡ ಇರೋ ಕಡೆ ಮಲಗ್ಬ್ಯಾಡಿ ಅಕ್ಕಾ," ಎಂದ.

ಅವಳು ಕಿಟಕಿಯ ಹತ್ತಿರ ಹೋಗಿ ಊದುಬತ್ತಿಯನ್ನು ಕಂಡಿಯ ಕೆಳಗೆ ಹಿಡಿದಳು. ಹೊಗೆ ಕ್ಷಣಕಾಲ ನೆಟ್ಟಗಿತ್ತು. ಆಮೇಲೆ ಬಾಗಿ ಜಾಲರಿಯಾಚೆ ಹೋಗತೊಡಗಿತು. ಇನ್ನೊಂದು ಕೈಯಲ್ಲಿ ಸೀರೆಯ ಅಂಚು ಬಿಗಿಯಾಗಿತ್ತು. ಬತ್ತಿ ಉರಿದು ಬೆರಳ ತನಕ ಬಂದರೂ ಅವಳು ಕೈ ತೆಗೆಯಲಿಲ್ಲ.